ಹೊಯ್ಕಿಮ್‌ಳ ಬಾಯಲ್ಲಿ ನನ್ನ ರಕಾರ

ಜರ್ಮನಿಯ ಸಿಂಡೆಲ್‌ಫಿಂಗೆನ್‌ನ ನಮ್ಮ ಕಟ್ಟಡದಲ್ಲಿ ಕೆಹ್ರ್‌ವೋಖೆ ಎಂಬ ಶಿಸ್ತು ಇದೆ. ವಾರಕ್ಕೆ ಒಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಕಳೆದ ಶನಿವಾರ ಕೆಳಗಿನ ಮನೆಯ ಅಜ್ಜಿಯ ಸರದಿ. ಅವರಿಗೆ ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ದ್ರಾವಣಗಳ ಮೇಲೆ ನಂಬಿಕೆಯಿಲ್ಲ. ಬಕೆಟ್ಟು ನೀರಿಗೆ ಅರ್ಧ ಬಾಟಲಿ ವಿನೆಗರ್ ಸುರಿದು ನೆಲಮಾಳಿಗೆಯವರೆಗೂ ಒರೆಸಿಬಿಟ್ಟಿದ್ದರು. ನಾನು ಬಟ್ಟೆ ಒಗೆಯಲೆಂದು ಕೆಳಗೆ ಇಳಿದವಳು ಕೊನೆಯ ಮೆಟ್ಟಿಲಲ್ಲೇ ನಿಂತೆ. ಒದ್ದೆ ಸಿಮೆಂಟು, ಒದ್ದೆ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಆ ಹುಳಿ ವಾಸನೆ. ಇಷ್ಟು ವರ್ಷ ಹೇಗೋ ತಪ್ಪಿಸಿಕೊಂಡು ಓಡಾಡಿದ್ದ ವಾಸನೆ ಅದು. ಬುಟ್ಟಿ ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ. ಅಜ್ಜಿ ಮೇಲಿಂದ ಬಗ್ಗಿ ನೋಡಿ, ಜಾರಿದಿರಾ ಎಂದು ಕೇಳಿದರು. ಇಲ್ಲ ಎಂದೆ.

ಹಳೆಯ ಧ್ವನಿ ಟೇಪುಗಳು ಕೆಡುವಾಗ ವಿನೆಗರ್‌ನಂತೆ ನಾರುತ್ತವೆ. ಇದು ನನಗೆ ಗೊತ್ತಾದದ್ದು ಎರಡು ಸಾವಿರದ ಎರಡನೆಯ ಇಸವಿಯ ಬೇಸಗೆಯಲ್ಲಿ, ಡ್ರೆಸ್ಡೆನ್‌ನಲ್ಲಿ. ನಾನು ಗ್ರೀನ್ ಕಾರ್ಡಿನ ಮೇಲೆ ಬಂದವಳು. ಹೆಸರು ಕೇಳಿ ಅಮೆರಿಕಾದ್ದು ಎಂದುಕೊಳ್ಳಬೇಡಿ. ಜರ್ಮನಿಯವರೂ ಆಗ ಐದು ವರ್ಷದ ಒಂದು ಚೀಟಿ ಮಾಡಿ ಅದಕ್ಕೆ ಅದೇ ಹೆಸರಿಟ್ಟು ನಮ್ಮಂಥ ಸಾಫ್ಟ್‌ವೇರಿನವರನ್ನು ಕರೆಸಿಕೊಂಡಿದ್ದರು. ಮಂಗಳೂರಿನಿಂದ ಹೊರಟಾಗ ನನ್ನ ತಲೆಗೆ ಸ್ವಲ್ಪ ಕೊಬ್ಬೇ ಏರಿತ್ತು. ಫೋನಿಗೆ ಮಾತಿನಲ್ಲೇ ಅಪ್ಪಣೆ ಕೊಡುವ ತಂತ್ರಾಂಶ ನಮ್ಮ ಕಂಪನಿಯದು. ಒಂದೂವರೆ ವರ್ಷಕ್ಕೆ ಕಂಪನಿಯ ಉಸಿರೇ ನಿಂತಿತು. ಬೇರೆ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಅಂಥ ಹೊತ್ತಿಗೆ ಎಲ್ಬೆ ನದಿಯ ದಡದ ಒಂದು ಚಿಕ್ಕ ಸಂಶೋಧನಾ ಸಂಸ್ಥೆ ನನ್ನನ್ನು ಕರೆಯಿತು. ಧ್ವನಿಯ ಕೆಲಸ ಗೊತ್ತಿರುವವರು ಬೇಕಿತ್ತು, ಅಷ್ಟೆ. ಭಾಷಾಶಾಸ್ತ್ರದ ಗಂಧಗಾಳಿ ನನಗೆ ಇರಲಿಲ್ಲ.

ಅಲ್ಲಿದ್ದವರು ಪ್ರೊಫೆಸರ್ ಕ್ರಾನಿಷ್. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ, ಮೊಣಕೈ ಸವೆದ ಅದೇ ಕೋಟು ದಿನಾ ತೊಡುವ ಮನುಷ್ಯ. ಬರ್ಲಿನ್ ಗೋಡೆ ಇನ್ನೂ ನಿಂತಿದ್ದ ಕಾಲದಲ್ಲಿ ಅವರು ಬರ್ಮಾಕ್ಕೆ ಹೋಗಿ, ರಂಗೂನಿನ ಒಂದು ಬಾಡಿಗೆ ಕೋಣೆಯಲ್ಲಿ ಕೂತು, ಚಿನ್ ಬೆಟ್ಟಗಳಿಂದ ಬಂದಿದ್ದ ಒಬ್ಬ ಹೆಂಗಸಿನ ಮಾತನ್ನು ಟೇಪಿಗೆ ಇಳಿಸಿಕೊಂಡು ಬಂದಿದ್ದರು. ಆಕೆಯ ಹೆಸರು ಹೊಯ್ಕಿಮ್. ಆಕೆಯ ಭಾಷೆಯನ್ನು ಮೂರು ಹಳ್ಳಿಗಳವರು ಮಾತ್ರ ಆಡುತ್ತಿದ್ದರು. ಅದರ ಹೆಸರು ಬರೆದರೆ ಮನೆ ಗುರುತು ಸಿಕ್ಕಿಬಿಡುತ್ತದೆ, ಹಾಗಾಗಿ ಬರೆಯುವುದಿಲ್ಲ. ಆಕೆ ಆ ಮೇಲೆ ವರ್ಷ ತುಂಬುವ ಮೊದಲೇ ತೀರಿಕೊಂಡಳಂತೆ.

ಆ ಭಾಷೆ ಕುಕಿ-ಚಿನ್ ಕುಟುಂಬದ್ದು. ಮಿಜೋ, ಥಾಡೋ, ಟೆಡಿಮ್, ಹಾಖಾ, ಹೀಗೆ ಮಿಜೋರಾಮ್, ಮಣಿಪುರದಿಂದ ಬರ್ಮಾದ ಬೆಟ್ಟಗಳವರೆಗೆ ಹರಡಿದ ಹತ್ತಾರು ಭಾಷೆಗಳು. ಕುಕಿ ಎಂದು ಕರೆದವರು ಬಂಗಾಳದ ಬಯಲಿನವರು, ಚಿನ್ ಎಂದು ಕರೆದವರು ಬರ್ಮಾದವರು. ಹೊರಗಿನವರು ಇಟ್ಟ ಎರಡು ಹೆಸರುಗಳ ನಡುವೆ ಒಂದು ಸಣ್ಣ ಗೆರೆ ಎಳೆದು ಪಂಡಿತರು ಕುಟುಂಬ ಮಾಡಿಬಿಟ್ಟರು ಎಂದು ಪ್ರೊಫೆಸರರೇ ನಗುತ್ತಿದ್ದರು. ಹೊಯ್ಕಿಮ್‌ಳ ಮಾತು ಈ ಕುಟುಂಬದ ಉತ್ತರದ ಕೊಂಬೆಗೆ ಸೇರಿದ್ದೋ, ಮಣಿಪುರದ ಕಡೆಯ ಹಳೆಯ ಕೊಂಬೆಗೆ ಸೇರಿದ್ದೋ ಎಂಬುದು ಅವರನ್ನು ಅರ್ಧ ಆಯುಷ್ಯ ಕಾಡಿದ ಪ್ರಶ್ನೆ.

“ಫ್ರಾವ್ ರೈ, ನಿಮ್ಮ ಮನೆಮಾತು ಯಾವುದು?” ಎಂದು ಮೊದಲ ವಾರವೇ ಕೇಳಿದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದೆ. ಹುಲಿಗೆ ನೀವು ಏನೆನ್ನುತ್ತೀರಿ? ತುಳುವಿನಲ್ಲಿ ಪಿಲಿ, ಕನ್ನಡದಲ್ಲಿ ಹುಲಿ. ಹೆಸರಿಗೆ? ಪುದರ್, ಹೆಸರು. ಮುದುಕರ ಕಣ್ಣು ಮಿನುಗಿತು. ಕನ್ನಡದವರ ಬಾಯಲ್ಲಿ ಪಕಾರ ಹಕಾರವಾಯಿತು, ಪಾಲು ಹಾಲಾಯಿತು, ತುಳುವರ ಬಾಯಲ್ಲಿ ಆಗಲಿಲ್ಲ, ಅಲ್ಲವೇ ಎಂದರು. ಹಾಗೆಯೇ ಈ ಬೆಟ್ಟಗಳಲ್ಲೂ. ಹಾವಿಗೆ ಮಿಜೋದವರು ರುಲ್ ಎನ್ನುತ್ತಾರೆ, ಉತ್ತರದ ಕೊಂಬೆಯವರು ಗುಲ್. ಮೂಳೆ ಅಲ್ಲಿ ರುಹ್, ಇಲ್ಲಿ ಗುಹ್. ಮಳೆಯೂ ಹಾಗೆಯೇ. ಬೆಂಕಿ ಮಾತ್ರ ಎಲ್ಲೆಡೆ ಮೇಯ್.

“ರ ಹೋಗಿ ಗ ಆಗುವುದು ಹೇಗೆ?” ಎಂದೆ. ನನಗೆ ಅದು ಕಟ್ಟುಕತೆಯಂತೆ ಕೇಳಿತ್ತು.

“ನಿಮ್ಮ ಹೆಸರು ನನ್ನ ಬಾಯಲ್ಲಿ ಏನಾಗುತ್ತದೆ, ಕೇಳಿಸಿಕೊಳ್ಳಿ,” ಎಂದು ನಿಧಾನವಾಗಿ ರೈ ಎಂದರು. ಜರ್ಮನರ ರಕಾರ ನಾಲಿಗೆಯ ತುದಿಯಲ್ಲಿಲ್ಲ, ಗಂಟಲಲ್ಲಿದೆ. ಇನ್ನೊಂದು ಮೆಟ್ಟಿಲು ಇಳಿದರೆ ಗಕಾರವೇ. “ಯಾರೂ ಬೇಕೆಂದು ಮಾಡಿದ್ದಲ್ಲ. ಒಂದು ಧ್ವನಿ ಎಂದು ಸತ್ತಿತು ಎಂದು ಅದನ್ನು ಆಡುತ್ತಿದ್ದವರಿಗೂ ಗೊತ್ತಿರುವುದಿಲ್ಲ.”

ಕೊಂಬೆ ಹಂಚುವ ಕ್ರಮವನ್ನೂ ಅವರೇ ಹೇಳಿಕೊಟ್ಟರು. ಇಬ್ಬರು ಮಕ್ಕಳು ಪರೀಕ್ಷೆಯಲ್ಲಿ ಒಂದೇ ಸರಿಯುತ್ತರ ಬರೆದರೆ ಮೇಷ್ಟ್ರಿಗೆ ಅನುಮಾನ ಬರುವುದಿಲ್ಲ. ಒಂದೇ ತಪ್ಪನ್ನು ಬರೆದರೆ ಪಕ್ಕದಲ್ಲಿ ಕೂತಿದ್ದರೆಂದು ಗೊತ್ತಾಗುತ್ತದೆ. ಭಾಷೆಗಳೂ ಅಷ್ಟೇ. ಹಿರಿಯರಿಂದ ಬಂದದ್ದನ್ನು ಒಟ್ಟಿಗೆ ಉಳಿಸಿಕೊಂಡದ್ದು ಲೆಕ್ಕಕ್ಕಿಲ್ಲ, ಒಟ್ಟಿಗೆ ಬದಲಾದದ್ದು ಮಾತ್ರ ನಂಟಿಗೆ ಸಾಕ್ಷಿ.

ನನ್ನ ಕೆಲಸ ಸುಲಭದ್ದು. ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ, ಒಂದೊಂದು ಪದವನ್ನೂ ಬಿಡಿಯಾಗಿ ಕತ್ತರಿಸಿ ಇಡಬೇಕು. ಪದಪಟ್ಟಿ ಕೇಳುವವರಿಗೆ ಒಂದು ಪದ್ಧತಿ ಇದೆ. ಮಾತಾಡುವವರು ಪ್ರತಿ ಪದವನ್ನೂ ಮೂರು ಸಲ ಹೇಳಬೇಕು. ಮೊದಲನೆಯದರಲ್ಲಿ ಅಳುಕು ಇರುತ್ತದೆ, ಮೂರನೆಯದರಲ್ಲಿ ಮುಗಿಸುವ ಅವಸರ. ನಡುವಿನದು ಮಾತ್ರ ನಂಬಲು ಯೋಗ್ಯ. ನಡುವಿನದನ್ನು ಇಟ್ಟುಕೊಂಡು ಉಳಿದದ್ದು ಬಿಡಿ ಎಂದರು ಪ್ರೊಫೆಸರ್. ಸಾವಿರಕ್ಕೂ ಮಿಕ್ಕಿ ಪದಗಳು. ಕೈಯಿಂದ ಕತ್ತರಿಸಲು ನನಗೇನು ಹುಚ್ಚೇ? ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಎಲ್ಲಿ ಮೌನವಿದೆಯೋ ಅಲ್ಲಿ ಕತ್ತರಿ, ಮೂರರಲ್ಲಿ ನಡುವಿನದಕ್ಕೆ ಮಾತ್ರ ಜಾಗ, ಉಳಿದದ್ದೆಲ್ಲ ಕಸದ ಕಡತಕ್ಕೆ. ಡಿಸ್ಕು ತುಂಬತೊಡಗಿದಾಗ ಕಸವನ್ನು ಅಳಿಸಿಬಿಟ್ಟೆ. ಮೂಲ ಟೇಪುಗಳು ಹೇಗೂ ನೆಲಮಾಳಿಗೆಯಲ್ಲಿವೆಯಲ್ಲ ಎಂಬ ಧೈರ್ಯ.

ಜೂನ್ ತಿಂಗಳ ಆ ಮಧ್ಯಾಹ್ನಗಳು ನೆನಪಿವೆ. ಹೊರಗೆ ಬಿಸಿಲು ಸುರಿಯುತ್ತಿರುತ್ತಿತ್ತು, ಹುಲ್ಲಿನ ಮೇಲೆ ಜನ ಅರೆಬತ್ತಲೆ ಮಲಗಿರುತ್ತಿದ್ದರು. ನಾನು ಒಳಗೆ ಇಯರ್‌ಫೋನ್ ಹಾಕಿಕೊಂಡು ಸತ್ತವಳ ದನಿ ಕೇಳುತ್ತಿದ್ದೆ. ಆ ದನಿಗೆ ಒಂದು ಗುಣವಿತ್ತು. ಪದ ಹೇಳಿದ ಮೇಲೆ ಆಕೆ ಕಾಯುತ್ತಿದ್ದಳು. ಸರಿಯಾಯಿತೇ ಎಂದು ಎದುರಿಗಿದ್ದವರ ಮುಖ ನೋಡುತ್ತಿದ್ದಳೇನೋ. ಇಪ್ಪತ್ತೈದು ಮೂವತ್ತು ವರ್ಷದ ಮೇಲೆ ಆ ಕಾಯುವಿಕೆ ನನ್ನ ಪಾಲಿಗೆ ಬಂದಿತ್ತು. ಒಮ್ಮೊಮ್ಮೆ ನನಗೆ ಗೊತ್ತಿಲ್ಲದೆ ತಲೆ ಆಡಿಸಿಬಿಡುತ್ತಿದ್ದೆ. ಆಡಿಸಿದ ಕೂಡಲೇ ಆಕೆ ಮುಂದಿನ ಪದ ಹೇಳುತ್ತಿದ್ದಳು. ಕಾಕತಾಳೀಯ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ದಿನ ಬೇಕೆಂದೇ ತಲೆ ಆಡಿಸದೆ ಕೂತೆ. ಟೇಪು ತಿರುಗುತ್ತಲೇ ಇತ್ತು, ಮಾತು ಬರಲಿಲ್ಲ. ಕುತ್ತಿಗೆ ನೋಯುವಷ್ಟು ಹೊತ್ತಾದ ಮೇಲೆ ನಾನೇ ಸೋತು ತಲೆ ಆಡಿಸಿದೆ. “ಮೇಯ್,” ಎಂದಳು ಆಕೆ.

ಜುಲೈ ಬಂದಾಗ ಪ್ರೊಫೆಸರ್ ಒಂದು ಕಾಗದ ತಂದು ಮುಂದಿಟ್ಟರು. ಪಟ್ಟಿಯಲ್ಲಿ ಪ್ರತಿ ಪದದ ಹಿಂದೆ ಒಂದು ನಕ್ಷತ್ರದ ಗುರುತು. ಎಲ್ಲ ಕುಕಿ-ಚಿನ್ ಭಾಷೆಗಳಿಗೂ ತಾಯಿಯಾಗಿದ್ದ ಭಾಷೆಯ ಪದಗಳು. ಮಕ್ಕಳ ಮಾತುಗಳನ್ನು ಪಕ್ಕಪಕ್ಕ ಇಟ್ಟು ಹಿಂದಕ್ಕೆ ಎಣಿಸಿ ಕಂಡುಕೊಂಡದ್ದು, ಯಾರೂ ಬರೆದಿಟ್ಟಿಲ್ಲ, ಇಂದು ಬದುಕಿರುವ ಯಾರೂ ಕೇಳಿಲ್ಲ. ಅದಕ್ಕೇ ಆ ನಕ್ಷತ್ರ. ಅವುಗಳನ್ನು ಹೊಯ್ಕಿಮ್‌ಳ ದನಿಯಲ್ಲಿ ಒಮ್ಮೆ ಕೇಳಬೇಕು ಎಂದು ಆಸೆ, ನಿಮ್ಮ ಕಂಪನಿಯಲ್ಲಿ ಚೂರುಗಳನ್ನು ಹೊಲಿದು ಮಾತಾಡಿಸುತ್ತಿದ್ದಿರಲ್ಲ ಎಂದರು. ಮುದುಕನ ಆಸೆ ಎಂದು ನಾಚಿಕೊಂಡರು ಕೂಡ.

ಮೊದಲ ಪದವೇ ಹಾವು. ಹೊಯ್ಕಿಮ್‌ಳ ಹಾವು ಗುಲ್. ತಾಯಿಭಾಷೆಯದು ರುಲ್. ಸಾವಿರ ಪದ ಹುಡುಕಿದರೂ ಆಕೆಯ ಬಾಯಲ್ಲಿ ಒಂದು ರಕಾರ ಸಿಗಲಿಲ್ಲ. ಪದದ ಮೊದಲಲ್ಲೂ ಇಲ್ಲ, ಕೊನೆಯಲ್ಲೂ ಇಲ್ಲ. ಪ್ರೊಫೆಸರರ ರಕಾರ ಗಂಟಲಿನದು, ಉಪಯೋಗಕ್ಕೆ ಬಾರದು. ಕೊನೆಗೆ ನಾನೇ ಮೈಕಿನ ಮುಂದೆ ಕೂತು ರ, ರು, ರೆ ಎಂದು ಹೇಳಿ, ಅದನ್ನು ಆಕೆಯ ದನಿಯ ಎತ್ತರಕ್ಕೆ ಹೊಂದಿಸಿ ಅಂಟಿಸಿದೆ. ಮಂಗಳೂರಿನ ರಕಾರ, ಚಿನ್ ಬೆಟ್ಟದ ಉಲ್. ಗುಂಡಿ ಒತ್ತಿದೆ.

“ರುಲ್,” ಎಂದಿತು ಯಂತ್ರ.

ಹೊಲಿಗೆ ಎಲ್ಲೂ ಕಾಣಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಪದ ಮುಗಿದ ಮೇಲೆ ಒಂದು ಸಣ್ಣ ಉಸಿರು ಕೇಳಿಸಿತು, ಇನ್ನೊಂದು ಸಲ ಹೇಳಲು ಯಾರೋ ಎಳೆದುಕೊಂಡ ಉಸಿರು. ಕಡತ ತೆರೆದು ನೋಡಿದೆ. ಪದದ ನಂತರ ಗೆರೆ ನೆಟ್ಟಗೆ ಮಲಗಿತ್ತು. ನಾನು ಉಸಿರು ಇಟ್ಟಿರಲಿಲ್ಲ. ಪ್ರೊಫೆಸರ್ ಕಣ್ಣೊರೆಸಿಕೊಳ್ಳುತ್ತಿದ್ದರು, ಅವರಿಗೆ ಅದೊಂದೂ ಕೇಳಿಸಿದಂತಿರಲಿಲ್ಲ.

ಆಗ ನನ್ನ ಜೊತೆ ಮನೆ ಹಂಚಿಕೊಂಡಿದ್ದವಳು ಮೈಸೂರಿನ ಸವಿತಾ, ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರು. ಸಂಜೆ ಅವಳ ಮುಂದೆ ಎಲ್ಲ ಹೇಳಿದೆ.

“ಅಲ್ಲ ಕಣೇ, ಸತ್ತೋದವ್ರ ವಾಯ್ಸ್ ಕಟ್ ಮಾಡಿ ಪೇಸ್ಟ್ ಮಾಡ್ತಿದೀಯಲ್ಲ, ಯಾರ ಪರ್ಮಿಷನ್ ತಗೊಂಡೆ?” ಎಂದಳು ಸವಿತಾ. “ಅಟ್‌ಲೀಸ್ಟ್ ನಿನ್ ವಾಯ್ಸ್ ಆದ್ರೂ ಮಿಕ್ಸ್ ಮಾಡಬಾರ್ದಿತ್ತು.”

“ಎಂತ ಆಗ್ತದೆ ಮಾರಾಯ್ತಿ? ಅದೊಂದು ಫೈಲ್ ಅಷ್ಟೆ.”

“ಫೈಲ್ ಅಂತೆ. ಅಡ್ರೆಸ್ ರಿಜಿಸ್ಟರ್ ಮಾಡೋ ಅನ್ಮೆಲ್ಡುಂಗ್ ಫಾರ್ಮ್‌ಗೆ ಒಂದು ಸೈನ್ ತಪ್ಪಿದ್ರೆ ನಿದ್ದೆ ಬರಲ್ಲ ನಿಂಗೆ, ಇದಕ್ಕೆ ಮಾತ್ರ ಧೈರ್ಯ.”

ಆ ಭಾನುವಾರ ಊರಿಗೆ ಫೋನು ಮಾಡಿದೆ. ಅಮ್ಮ ನನ್ನ ಮಾತು ಕೇಳಿ, “ಏರ್ ಪಾತೆರುನಿ?” ಎಂದಳು. ಯಾರು ಮಾತಾಡುವುದು ಎಂದು. ನಾನೇ, ಶೈಲಾ ಎಂದೆ. ಅಮ್ಮ ನಂಬಲಿಲ್ಲ, ಅಪ್ಪನನ್ನು ಕರೆದು ರಿಸೀವರ್ ಕೊಟ್ಟಳು.

ಆ ದಿನಗಳಲ್ಲೇ ಸಂಸ್ಥೆಗೆ ಬಂದವಳು ನೆಮ್. ಪೂರ್ತಿ ಹೆಸರು ನೆಮ್ಹೊಯ್. ರೇಗನ್ಸ್‌ಬರ್ಗ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್, ಗಂಡ ಅಲ್ಲಿಯವನೇ. ಹೆಚ್ಚುಕಡಿಮೆ ನನ್ನ ವಯಸ್ಸು, ಏಳು ತಿಂಗಳ ಬಸುರಿ. ಪ್ರೊಫೆಸರರ ಯಾವುದೋ ಹಳೆಯ ಲೇಖನದಲ್ಲಿ ಕೃತಜ್ಞತೆಯ ಸಾಲಿನಲ್ಲಿ ಹೊಯ್ಕಿಮ್ ಎಂಬ ಹೆಸರು ಕಂಡು ಕಾಗದ ಬರೆದಿದ್ದಳು. ಹೊಯ್ಕಿಮ್ ಅವಳ ತಾಯಿ.

ಅವಳು ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಆರಿಸಿ ಹೇಳಿದಳು. “ಅಮ್ಮ ಪದ ಹೇಳುವಾಗ ನನ್ನನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳಂತೆ. ಬಹಳ ಅಳುತ್ತಿದ್ದೆನಂತೆ. ಅಮ್ಮ ನಡುನಡುವೆ ನನ್ನನ್ನು ಕರೆದು ಸಮಾಧಾನ ಮಾಡುತ್ತಿದ್ದಳು ಎಂದು ಚಿಕ್ಕಮ್ಮ ಹೇಳುತ್ತಿದ್ದಳು. ನನಗೆ ಅಮ್ಮನ ಮುಖವೂ ನೆನಪಿಲ್ಲ, ದನಿಯೂ ಇಲ್ಲ. ಇನ್ನೆರಡು ತಿಂಗಳಲ್ಲಿ ನನಗೂ ಮಗುವಾಗುತ್ತದೆ. ಮಗುವನ್ನು ಹೇಗೆ ಕರೆಯಬೇಕು ಎಂದು ನನಗೆ ಗೊತ್ತಿಲ್ಲ. ನನ್ನನ್ನು ಕರೆದದ್ದನ್ನು ಒಮ್ಮೆ ಕೇಳಬೇಕು. ಬೇರೆ ಏನೂ ಬೇಡ.”

ಅದನ್ನು ನಾನು ಕೇಳಿದ್ದೆ. ಟೇಪು ಇಳಿಸುವಾಗ ಒಂದು ಕಡೆ ಮಗು ಕುಂಯ್‌ಗುಟ್ಟಿದ್ದು, ಆಕೆ ಪಟ್ಟಿಯಲ್ಲಿಲ್ಲದ ಏನನ್ನೋ ಇಳಿದನಿಯಲ್ಲಿ ಹೇಳಿದ್ದು ಕಿವಿಗೆ ಬಿದ್ದಿತ್ತು. ಗದ್ದಲ ಎಂದು ಗುರುತು ಹಾಕಿ ಮುಂದೆ ಹೋಗಿದ್ದೆ. ಅದು ಕಸದ ಜೊತೆ ಅಳಿಸಿಹೋಗಿತ್ತು.

ಪ್ರೊಫೆಸರರಿಗೆ ಇದು ತಿಳಿಯದು. ಅವರು ಉತ್ಸಾಹದಿಂದ ನಮ್ಮ ಬಿಡಿಪದಗಳನ್ನು ಕೇಳಿಸಿದರು. ನೀರು, ಬೆಂಕಿ, ಮೂಳೆ, ಮಳೆ. ನೆಮ್ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದಳು, ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಅವರು ತಡೆಯಲಾರದೆ ರುಲ್ ಒತ್ತಿದರು. ನೆಮ್ ತಟ್ಟನೆ ಕುರ್ಚಿ ಹಿಂದೆ ಸರಿಸಿ ಎದ್ದಳು.

“ಇದರಲ್ಲಿ ಇನ್ನೊಬ್ಬರಿದ್ದಾರೆ,” ಎಂದಳು. “ನನ್ನಮ್ಮನ ಬಾಯಲ್ಲಿ ಯಾರೋ ಕೂತಿದ್ದಾರೆ.” ಹಾಗೆಂದು ನನ್ನನ್ನೇ ನೋಡಿದಳು.

ನಾನು ಮೂಲ ಟೇಪುಗಳ ಮಾತೆತ್ತಿದೆ. ಎಲ್ಲವೂ ಕೆಳಗೆ ಭದ್ರವಾಗಿವೆ, ಟೇಪು ಓಡಿಸುವ ಯಂತ್ರ ರಿಪೇರಿಗೆ ಹೋಗಿದೆ, ಆಗಸ್ಟ್ ನಡುವಿಗೆ ಬನ್ನಿ, ನಾನೇ ಹುಡುಕಿ ಕೇಳಿಸುತ್ತೇನೆ ಎಂದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ನನ್ನ ಎರಡು ಕೈಗಳನ್ನೂ ಹಿಡಿದುಕೊಂಡು ಹೋದಳು.

ಆಗಸ್ಟ್ ನಡುವಿಗೆ ಬಂದದ್ದು ನೀರು. ಮೊದಲು ವೈಸೆರಿಟ್ಸ್ ಎಂಬ, ನಾವು ಹೊಳೆಯೆಂದೂ ಲೆಕ್ಕಿಸದಿದ್ದ ಹೊಳೆ ರೈಲು ನಿಲ್ದಾಣದೊಳಗೇ ನುಗ್ಗಿತು. ಆಮೇಲೆ ಎಲ್ಬೆ ಏರತೊಡಗಿತು. ನಮ್ಮ ಕರಾವಳಿಯ ಮಳೆಗಾಲ ಕಂಡವಳು ನಾನು, ಆ ನೀರಿನ ರೀತಿಯೇ ಬೇರೆ. ಮಳೆ ನಿಂತು, ಮೇಲೆ ನೀಲಿ ಆಕಾಶ, ಚುರುಗುಡುವ ಬಿಸಿಲು. ಕೆಳಗೆ ಕಂದು ನದಿ ಸದ್ದಿಲ್ಲದೆ ಬೀದಿ ಬೀದಿಯಾಗಿ ಒಳಗೆ ಬರುತ್ತಿತ್ತು. ಸಂಸ್ಥೆಯ ಬೀದಿಗೆ ಪೊಲೀಸರು ಬಿಡಲಿಲ್ಲ. ಒಂದು ವಾರದ ಮೇಲೆ ನೆಲಮಾಳಿಗೆಯ ಬಾಗಿಲು ತೆಗೆದಾಗ ಕೆಸರಿನ ಜೊತೆ ವಿನೆಗರ್ ವಾಸನೆ ಮುಖಕ್ಕೆ ಹೊಡೆಯಿತು. ಟೇಪುಗಳು ಊದಿ ಒಂದಕ್ಕೊಂದು ಅಂಟಿದ್ದವು. ಕೈಗೆತ್ತಿಕೊಂಡರೆ ಧ್ವನಿ ಇದ್ದ ಕಂದು ಪದರ ಬೆರಳಿಗೆ ಬರುತ್ತಿತ್ತು.

ಪ್ರೊಫೆಸರ್ ಮೆಟ್ಟಿಲ ಮೇಲೆ ಕೂತು, ನಮ್ಮ ಕಂಪ್ಯೂಟರಿನ ಪ್ರತಿಗಳಾದರೂ ಮಹಡಿಯ ಮೇಲೆ ಉಳಿದವಲ್ಲ ಎಂದರು. ಆಗ ನಾನು ನಾಲಿಗೆ ಕಚ್ಚಿಕೊಂಡು ನಿಜ ಹೇಳಿದೆ. ನಡುವಿನದು ಬಿಟ್ಟು ಏನೂ ಇಲ್ಲ ಎಂದೆ. ಇನ್ನೊಂದನ್ನು ಅವರೇ ಆಮೇಲೆ ಕಂಡುಕೊಂಡರು. ಆ ಭಾಷೆಯಲ್ಲಿ ಹಲವು ಪದಗಳು ಗಂಟಲು ಬಿಗಿದು ಮುಗಿಯುತ್ತವೆ. ಕಿವಿಗೆ ಅದು ಮೌನದ ಹಾಗೆಯೇ. ನನ್ನ ಪ್ರೋಗ್ರಾಂ ಆ ಬಿಗಿತವನ್ನೂ ಮೌನವೆಂದು ಕತ್ತರಿಸಿ ಎಸೆದಿತ್ತು. ಗಕಾರ ನೆರೆಯವರಿಂದ ಅಂಟಿದ್ದೂ ಆಗಿರಬಹುದು, ಹಾಗಾಗಿ ಹೊಯ್ಕಿಮ್‌ಳ ಮಾತು ಯಾವ ಕೊಂಬೆಯದು ಎಂದು ತೀರ್ಮಾನಿಸಲು ಅವರು ನೆಚ್ಚಿದ್ದು ಅದನ್ನೇ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನೆಮ್ ಫೋನು ಮಾಡಿದಳು. ಟಿವಿಯಲ್ಲಿ ಡ್ರೆಸ್ಡೆನ್ ನೋಡಿದೆ, ಅಮ್ಮ ಉಳಿದಳೇ ಎಂದು ಕೇಳಿದಳು. ಟೇಪು ಎನ್ನಲಿಲ್ಲ, ಅಮ್ಮ ಎಂದಳು. ಅದನ್ನು ಕೇಳಿ ನನ್ನ ಬಾಯಿಂದ ಬಂದ ಮಾತು ಇದು: “ಒಂದು ಸಣ್ಣ ಚೂರು ಉಳಿದಿದೆ. ನಾನೇ ತಂದುಕೊಡುತ್ತೇನೆ.”

ಯಾಕೆ ಹಾಗೆಂದೆ ಎಂದು ಇಂದಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ. ಕರುಣೆ ಎಂದರೆ ಅರ್ಧ ನಿಜ. ನನ್ನ ತಪ್ಪನ್ನು ಮುಚ್ಚಬೇಕಿತ್ತು, ಅದು ಉಳಿದರ್ಧ. ನೆ ಎಂಬುದು ಆಕೆಯ ಒಂದು ಪದದಲ್ಲಿತ್ತು, ಮ್ ಇನ್ನೊಂದರಲ್ಲಿ. ಹೊಲಿದರೆ ಪಟ್ಟಿ ಓದಿದ ಹಾಗೆ ಒಣಗಿ ಬಂತು. ಮಗುವನ್ನು ಕರೆಯುವ ಎಳೆತ ಅದರಲ್ಲಿರಲಿಲ್ಲ. ನಾನು ಕೇಳಿದ್ದ ರಾಗ ನೆನಪಿಗೆ ಬಾರದು, ಎಷ್ಟು ಸಲ ಕರೆದಳೆಂದೂ ನೆನಪಿಲ್ಲ. ಕೊನೆಗೆ ನಾನೇ ಮೈಕಿನ ಮುಂದೆ ಕೂತು, ನನ್ನಮ್ಮ ನನ್ನನ್ನು ಅಂಗಳದಿಂದ ಕರೆಯುತ್ತಿದ್ದ ರಾಗದಲ್ಲಿ “ನೇ...ಮ್” ಎಂದು ಮೂರು ಸಲ ಹೇಳಿ, ಅಭ್ಯಾಸಬಲದಿಂದ ನಡುವಿನದನ್ನು ಮಾತ್ರ ಇಟ್ಟುಕೊಂಡು, ಅದಕ್ಕೆ ಹೊಯ್ಕಿಮ್‌ಳ ದನಿಯನ್ನು ತೊಡಿಸಿದೆ.

ಸವಿತಾ ಕೇಳಿ ಇಯರ್‌ಫೋನನ್ನು ಮೇಜಿನ ಮೇಲೆ ಎಸೆದಳು. “ಇದನ್ನ ಕೊಡಬೇಡ ಕಣೇ. ಪ್ಲೀಸ್. ಬಸುರಿ ಹೆಂಗಸು ಅವಳು.” ನಾನು ಕೇಳಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ ರೇಗನ್ಸ್‌ಬರ್ಗ್‌ನಲ್ಲಿ ಇಳಿದೆ. ನೆಮ್‌ಳ ಗಂಡ ಡ್ಯೂಟಿಯಲ್ಲಿದ್ದ. ಅಡುಗೆಮನೆಯಲ್ಲಿ ಬಿಸಿಲು ಬಿದ್ದಿತ್ತು, ಹಗ್ಗದ ಮೇಲೆ ಪುಟ್ಟ ಪುಟ್ಟ ಅಂಗಿಗಳು ಒಣಗುತ್ತಿದ್ದವು. ಅವಳು ಸಿಡಿಯನ್ನು ಪ್ಲೇಯರಿಗೆ ಹಾಕಿ ನಿಂತೇ ಕೇಳಿದಳು.

“ನೇ...ಮ್.”

ಅಳುತ್ತಾಳೆಂದು ಕಾದೆ. ಅವಳು ಅಳಲಿಲ್ಲ. ಮುಖ ಬಿಳಿಚಿಕೊಂಡಿತು. ತುಟಿ ಅರ್ಧ ತೆರೆದು, ಕೂಡಲೇ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು ಕೇಳಿದಳು.

“ಇನ್ನೆರಡು ಎಲ್ಲಿ?”

“ಯಾವ ಎರಡು?”

“ನಮ್ಮಲ್ಲಿ ಬದುಕಿರುವವರು ಮೂರು ಸಲ ಕರೆಯುತ್ತಾರೆ. ಎಷ್ಟೇ ಅವಸರವಿದ್ದರೂ ಮೂರು ಸಲ. ಒಂದೇ ಸಲ ಕರೆಯುವವರು ಸತ್ತವರು. ಅದಕ್ಕೆ ಓಗೊಡಬಾರದು. ಓಗೊಟ್ಟವರು ಅವರ ಹಿಂದೆ ಹೋಗಬೇಕಾಗುತ್ತದೆ.” ಅವಳ ಕೈ ಹೊಟ್ಟೆಗೆ ಇಳಿಯಿತು. “ಚರ್ಚಿಗೆ ಹೋಗುವವಳು ನಾನು. ಇದನ್ನೆಲ್ಲ ನಂಬಬಾರದು. ಆದರೆ ಅಮ್ಮ ಕರೆಯುತ್ತಿದ್ದಾಳೆ. ಓಗೊಡದೆ ಹೇಗಿರಲಿ? ಓಗೊಟ್ಟರೆ ಈ ಮಗು?”

ತಾಯಿಯ ಕರೆಗೆ ಹಂಬಲಿಸಿ ಬಂದವಳಿಗೆ ನಾನು ಎಂಥದನ್ನು ತಂದುಕೊಟ್ಟಿದ್ದೆ! ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಉಳಿದೆರಡು ನೀರಿನಲ್ಲಿ ಹೋದವು ಎನ್ನುವ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಅದು ನಿಮ್ಮಮ್ಮ ಅಲ್ಲ,” ಎಂದೆ. “ನಾನು. ನಾನು ಕರೆದು ಅವರ ದನಿ ಹಾಕಿದೆ. ನಿಮ್ಮನ್ನು ಕರೆದದ್ದನ್ನು ಗದ್ದಲವೆಂದು ನಾನೇ ಅಳಿಸಿದ್ದೆ. ನೀರು ಬರುವ ಮೊದಲೇ.”

ಅವಳು ನನ್ನ ಕೆನ್ನೆಗೆ ಹೊಡೆದಿದ್ದರೂ ಸರಿಯೇ ಎನ್ನಿಸಿತು. ಅವಳು ಕುರ್ಚಿಯಲ್ಲಿ ಕೂತಳು. ಎರಡು ಸಲ ಸತ್ತಳು ನನ್ನಮ್ಮ ಎಂದಳು. ನಾನು ಚೀಲ ಎತ್ತಿಕೊಂಡು ಏಳುವುದರಲ್ಲಿದ್ದೆ.

“ಹೋಗಬೇಡಿ,” ಎಂದಳು. ದನಿ ಗಡುಸಾಗಿತ್ತು. “ನೀವು ಬದುಕಿರುವವರು ತಾನೇ? ಕರೆ ಈ ಮನೆಯೊಳಗೆ ಬಂದುಬಿಟ್ಟಿದೆ. ಅದನ್ನು ಒಂದಕ್ಕೇ ನಿಲ್ಲಿಸಿ ಹೋಗಕೂಡದು. ಇನ್ನೆರಡು ಸಲ ಕರೆದು ಮೂರು ಮಾಡಿ. ಯಂತ್ರ ಬೇಡ. ನಿಮ್ಮ ಬಾಯಿಂದ. ಮಗುವಿಗೆ ಏನೂ ಆಗಬಾರದು.”

ಅವಳು ನನಗೆ ಬೆನ್ನು ಮಾಡಿ, ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿ ಕೂತಳು. ಬೆನ್ನಿನ ಮೇಲೆ ಕರಿ ಜಡೆ. ಪ್ಲೇಯರಿನ ವೈರನ್ನು ನಾನೇ ಗೋಡೆಯಿಂದ ಕಿತ್ತೆ.

“ನೇ...ಮ್,” ಎಂದೆ. ದನಿ ಒಡೆಯಿತು. ನಾಚಿಕೆಗೇಡಿನ ಕರೆ ಅದು, ಅಪರಾಧಿಯ ಕರೆ. ಅವಳು ಅಲುಗಲಿಲ್ಲ. ಇನ್ನೊಂದು ಬಾಕಿ. ಇದಾದರೂ ಸರಿಯಾಗಿ ಬರಲಿ ಎಂದು ಗಂಟಲು ಸರಿಮಾಡಿಕೊಂಡು, ಎದೆ ತುಂಬ ಉಸಿರು ಎಳೆದುಕೊಂಡೆ.

“ಓ!” ಎಂದಳು ನೆಮ್.

ಓಡಿ ಬರುವ ಮಗುವಿನ ಓಗೊಡುವಿಕೆ. ನನ್ನ ಕಡೆ ತಿರುಗಿದಾಗ ಅವಳ ಇಡೀ ಮುಖ ಒದ್ದೆಯಾಗಿತ್ತು, ನಗುತ್ತಿದ್ದಳು. ಅಂಥ ನಗು ಆ ಮುಖದಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು.

“ನಿಮ್ಮನ್ನು ಕ್ಷಮಿಸಿದೆ,” ಎಂದಳು. “ಮೊದಲು ಕರೆದದ್ದು ನೀವೇ ಎಂದು ಗೊತ್ತಾಗುತ್ತಿತ್ತು. ಈಗ ಕೊನೆಗೆ ಕರೆದಿರಲ್ಲ, ಅದು ಸರಿಯಾಗಿತ್ತು. ಆ ಎಳೆತ, ಕೊನೆಯಲ್ಲಿ ಆ ಗಂಟಲಿನ ಬಿಗಿ. ಎಲ್ಲಿ ಕಲಿತಿರಿ? ನನ್ನ ಮಗುವನ್ನು ಹಾಗೆಯೇ ಕರೆಯುತ್ತೇನೆ.”

ನಾನು ತಲೆ ಆಡಿಸಿದೆ. ಎಳೆದುಕೊಂಡ ಉಸಿರು ಇನ್ನೂ ನನ್ನ ಎದೆಯಲ್ಲೇ ಇತ್ತು. ಆ ಕೊನೆಯ ಸಲ ನಾನು ಕರೆದೇ ಇರಲಿಲ್ಲ.